ಲಿನ್‌ವುಡ್ ಗ್ಯಾಸ್ಕಿನ್ಸ್‌ಗೆ ದನಿ ಕೇಳಿಸಿದ ಪ್ರಕರಣ

ಲಿನ್‌ವುಡ್ ಗ್ಯಾಸ್ಕಿನ್ಸ್‌ಗೆ ಹುಚ್ಚು ಹಿಡಿದಿರಲಿಲ್ಲ. ದೇವರ ಕರೆಯೂ ಬಂದಿರಲಿಲ್ಲ. ಎರಡರಲ್ಲಿ ಒಂದಾದರೂ ನಿಜವಾಗಿದ್ದರೆ ನನ್ನ ಮನಸ್ಸು ಈಗ ಇಷ್ಟು ಭಾರವಾಗಿರುತ್ತಿರಲಿಲ್ಲ. ಇದನ್ನು ನಾನು ಅಧಿಕಾರವಾಣಿಯಿಂದಲೇ ಹೇಳಬಲ್ಲೆ. ಏಕೆಂದರೆ ಪ್ರಕರಣ ಶುರುವಾಗಿದ್ದೇ ಉತ್ತರ ಫಿಲಡೆಲ್ಫಿಯಾದ ಕೊಲಂಬಿಯಾ ಅವೆನ್ಯೂವಿನಲ್ಲಿರುವ ನನ್ನ ಕ್ಷೌರದಂಗಡಿಯಲ್ಲಿ, ೧೯೫೭ರ ಮಾರ್ಚ್ ತಿಂಗಳ ಒಂದು ಶನಿವಾರ, ಹಗಲು ಹನ್ನೊಂದು ಗಂಟೆಗೆ.

ಲಿನ್‌ವುಡ್ ಟ್ರಾಮ್ ಓಡಿಸುತ್ತಿದ್ದ. ಮೂವತ್ತೆಂಟು ವಯಸ್ಸು, ಎತ್ತರದ ಆಳು, ಯಾರಿಗೂ ‘ಇಲ್ಲ’ ಎನ್ನಲು ಬಾರದ ಬಾಯಿ. ಭಾನುವಾರ ಮಧ್ಯಾಹ್ನ ನಮ್ಮ ಲಾಡ್ಜ್ ಎಂಬ ಸಂಘದ ಹಾಲಿನಲ್ಲಿ ನಾವು ನಾಲ್ವರು ಜಾಝ್ ನುಡಿಸುತ್ತಿದ್ದೆವು. ಅವನದು ಸ್ಯಾಕ್ಸೋಫೋನ್, ನನ್ನದು ಡ್ರಮ್ಮು, ಪಕ್ಕದಲ್ಲಿ ದೊಡ್ಡ ತಂತಿವಾದ್ಯ ಹಿಡಿದುಕೊಂಡು ನಿಂತೇ ನಿದ್ದೆ ಮಾಡುವ ಒಬ್ಬ ಮಹಾಶಯ, ಮತ್ತು ಪಿಯಾನೋದ ಮುಂದೆ ಕ್ಲಿಯೋಫಸ್ ರಡ್. ಕ್ಲಿಯೋಫಸ್‌ಗೆ ಅರವತ್ತು ದಾಟಿತ್ತು. ಒಂದು ಕಾಲದಲ್ಲಿ ದೊಡ್ಡ ತಂಡಗಳ ಜೊತೆ ಊರೂರು ಸುತ್ತಿದವನು. ಈಗ ಬೆರಳಿನ ಗಂಟುಗಳು ಬಾತುಕೊಂಡು, ಚಳಿಗಾಲದಲ್ಲಿ ಕೋಟಿನ ಗುಂಡಿ ಹಾಕಲೂ ಯಾರಾದರೂ ಬೇಕಾಗುತ್ತಿತ್ತು. ಆದರೆ ಪಿಯಾನೋದ ಮುಂದೆ ಕೂತರೆ ಆ ಬೆರಳುಗಳಿಗೆ ಅದು ಹೇಗೋ ಮರೆತುಹೋಗುತ್ತಿತ್ತು.

ಲಿನ್‌ವುಡ್‌ನ ವಾದನದ ಬಗ್ಗೆ ಸ್ನೇಹಿತನಾಗಿ ಹೇಳಬೇಕೆಂದರೆ, ಅವನು ಬಹಳ ಶ್ರಮಜೀವಿ. ಪಿಯಾನೋದವನು ಒಂದು ಕಾರ್ಡು ಹಿಡಿದರೆ, ಅಂದರೆ ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿದರೆ, ಇವನು ಆ ನಾಲ್ಕನ್ನೂ ಕೆಳಗಿನಿಂದ ಮೇಲಕ್ಕೆ ಓಡಿ ಮುಟ್ಟಿಬರುತ್ತಿದ್ದ. ಕಾರ್ಡು ಬದಲಾದ ಕೂಡಲೇ ಕೆಳಕ್ಕೆ ಧುಮುಕಿ, ಹೊಸ ನಾಲ್ಕನ್ನು ಮತ್ತೆ ಬುಡದಿಂದ ಹತ್ತುತ್ತಿದ್ದ. ಹಾಡು ಮುಗಿಯುವಷ್ಟರಲ್ಲಿ ಅವನ ಅಂಗಿ ಒದ್ದೆಯಾಗಿರುತ್ತಿತ್ತು, ಕೇಳುತ್ತಿದ್ದವರಿಗೂ ಏದುಸಿರು.

ಫೆಬ್ರವರಿಯ ಒಂದು ಮಂಗಳವಾರ, ಹಾಲಿನಲ್ಲಿ ನಾವು ಮೂವರೇ ಇದ್ದಾಗ, ಕ್ಲಿಯೋಫಸ್ ಅವನನ್ನು ನಡುವೆಯೇ ನಿಲ್ಲಿಸಿದ.

"ಲಿನ್‌ವುಡ್, ನಿಮ್ಮ ಬೀದಿಲಿ ಮನೆಗಳು ಹೇಗಿವೆ?"

"ಸಾಲಾಗಿ ಒಂದಕ್ಕೊಂದು ಅಂಟ್ಕೊಂಡಿವೆ."

"ಮತ್ತೆ ನೀನ್ಯಾಕಪ್ಪ ಪ್ರತಿ ಮನೇಲೂ ನೆಲಮಾಳಿಗೆಯಿಂದ ಚಾವಣಿಗೆ ಹತ್ತಿ, ಅಲ್ಲಿಂದ ಬೀದಿಗೆ ಬಿದ್ದು, ಪಕ್ಕದ ಮನೆ ನೆಲಮಾಳಿಗೆಗೆ ಓಡ್ತೀಯ? ಎರಡನೇ ಮಹಡಿ ಕಿಟಕೀಲಿ ನಿಂತಿದೀಯ. ಪಕ್ಕದ ಕಿಟಕಿಗೆ ಕಾಲು ಚಾಚು."

ಅವನು ಒಂದು ಕಾರ್ಡು ಒತ್ತಿದ. ಎರಡು ಬೆರಳು ಇದ್ದಲ್ಲೇ ಇದ್ದವು. ಇನ್ನೆರಡು ಪಕ್ಕಕ್ಕೆ ಸ್ವಲ್ಪ ಸರಿದವು, ಅಷ್ಟೆ. ಇಡೀ ಹಾಲ್‌ನ ಬಣ್ಣವೇ ಬದಲಾದಂತಾಯಿತು.

"ನೋಡಿದ್ಯಾ. ಇವರಿಬ್ಬರು ಕೂತ ಜಾಗ ಬಿಟ್ಟು ಏಳ್ಲಿಲ್ಲ. ಇವನು ಒಂದು ಹೆಜ್ಜೆ ಇಟ್ಟ. ಈ ನಾಲ್ಕನೆಯವನು, ಬುಡದ ಸ್ವರದಿಂದ ಎಣಿಸಿದ್ರೆ ಏಳನೇ ಸ್ವರದವನು, ಬರೀ ಅರ್ಧ ಹೆಜ್ಜೆ ಇಳಿದ. ಹೊಸ ಮನೇಲಿ ಮೂರನೆಯವನಾಗಿ ಕೂತ. ಒಂದೊಂದು ಸ್ವರಾನೂ ಒಂದೊಂದು ದನಿ ಅಂತ ತಿಳ್ಕೊ. ಎಲ್ಲಿಗೆ ಹೋಗ್ಬೇಕು ಅಂತ ಅದಕ್ಕೆ ಗೊತ್ತು. ನೀನು ಓಡ್ಬೇಡ. ದನಿ ನಡೆಸಿದ ಕಡೆ ನಡಿ."

ಲಿನ್‌ವುಡ್ ಆ ಎರಡು ಸ್ವರಗಳನ್ನು ಮನೆಗೆ ಹೊತ್ತುಕೊಂಡು ಹೋದ. ಮೂರು ವಾರ ಬೇರೇನನ್ನೂ ನುಡಿಸಲಿಲ್ಲ. ಪಕ್ಕದ ಮನೆಯ ಮಿಸೆಸ್ ಕೇಟೋ ಗೋಡೆಗೆ ಪೊರಕೆಯಿಂದ ಬಡಿದಳು. ಆಮೇಲೆ ಅವಳಿಗೇ ಗೊತ್ತಿಲ್ಲದೆ, ಅವನು ತಪ್ಪಿದಾಗ ಮಾತ್ರ ಬಡಿಯುವುದನ್ನು ಕಲಿತಳು.

ಇನ್ನು ಆ ಶನಿವಾರ. ಲಿನ್‌ವುಡ್‌ನ ಮುಖಕ್ಕೆ ಬಿಸಿ ಟವೆಲ್ ಸುತ್ತಿ ಮಲಗಿಸಿದ್ದೆ. ಅವನು ಒಳಗಿನಿಂದಲೇ ಮಾತಾಡುತ್ತಿದ್ದ. ಆಗ ಅವನ ಅತ್ತೆ ಮದರ್ ಪಿಂಕ್ನಿ, ಚರ್ಚಿನ ಊಟದ ಚೀಟಿ ಹಂಚಲು ಬಾಗಿಲಲ್ಲಿ ಬಂದು ನಿಂತಳು. ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇಲ್ಲದ ಹೆಂಗಸು. ಇಡೀ ಬ್ಯಾಪ್ಟಿಸ್ಟ್ ಸಭೆಗೇ ಅವಳು ‘ಮದರ್’. ಅವಳ ದೊಡ್ಡ ಅಳಿಯ ಬಾಲ್ಟಿಮೋರಿನಲ್ಲಿ ಶವಸಂಸ್ಕಾರದ ಸಂಸ್ಥೆ ನಡೆಸುವ ಗಣ್ಯ. ಚಿಕ್ಕ ಅಳಿಯ ಲಿನ್‌ವುಡ್‌ಗೆ ಅವಳ ಮೇಜಿನಲ್ಲಿ ಹನ್ನೆರಡು ವರ್ಷದಿಂದ ಕೋಳಿಯ ಕುತ್ತಿಗೆ ಬಿಟ್ಟು ಬೇರೆ ತುಂಡು ಸಿಕ್ಕಿರಲಿಲ್ಲ.

ಟವೆಲಿನ ಒಳಗಿನಿಂದ ಲಿನ್‌ವುಡ್ ಹೇಳುತ್ತಿದ್ದ: "ಇಷ್ಟು ವರ್ಷ ನನ್ನ ಮನಸ್ಸಿಗೆ ಬಂದ ಕಡೆ ಓಡಿದೆ, ವೆಂಡೆಲ್. ಈಗ ದನಿ ಕೇಳಿಸ್ತಿದೆ. ಅದು ನಡೆಸಿದ ಕಡೆ ನಡೀತೀನಿ. ಏನು ನೆಮ್ಮದಿ ಅಂತೀಯ."

ಮದರ್ ಪಿಂಕ್ನಿಯ ಕೈಚೀಲ ನೆಲಕ್ಕೆ ಬಿತ್ತು.

"ಎಷ್ಟು ದಿನದಿಂದ?" ಎಂದಳು ಮೆಲ್ಲಗೆ.

ಟವೆಲಿನೊಳಗಿದ್ದವನಿಗೆ ಯಾರು ಕೇಳಿದ್ದೆಂದು ತಿಳಿಯಲಿಲ್ಲ. "ಮೂರು ವಾರ ಆಯ್ತು," ಎಂದ. "ಮೊದಲು ಸಣ್ಣಗೆ ಕೇಳಿಸ್ತಿತ್ತು. ಈಗ ಟ್ರಾಮ್ ಓಡಿಸುವಾಗ್ಲೂ ಬಿಡಲ್ಲ."

ನಾನು ಆಗಲೇ ಬಾಯಿ ಬಿಡಬಹುದಿತ್ತು. ‘ಮದರ್, ಇದು ಸ್ಯಾಕ್ಸೋಫೋನಿನ ವಿಚಾರ’ ಎಂಬ ನಾಲ್ಕೇ ಮಾತು. ಆದರೆ ಆ ಹೆಂಗಸಿನ ಕಣ್ಣಲ್ಲಿ ನೀರಿತ್ತು. ನನ್ನ ಕೈಯಲ್ಲಿ ಕತ್ತಿಯಿತ್ತು. ಹೇಳೋಣ ಎನ್ನುವಷ್ಟರಲ್ಲಿ ಅವಳು ಬೀದಿಯಲ್ಲಿದ್ದಳು. ಅವಳು ಬೀದಿಯಲ್ಲಿದ್ದಾಳೆ ಎಂದರೆ ಸುದ್ದಿ ಗಿರಾರ್ಡ್ ಅವೆನ್ಯೂ ದಾಟಿದೆ ಎಂದೇ ಅರ್ಥ.

ಮರುದಿನ ಭಾನುವಾರದ ಊಟಕ್ಕೆ ಲಿನ್‌ವುಡ್‌ನ ತಟ್ಟೆಗೆ ಕೋಳಿಯ ಎದೆ ಬಿತ್ತು. ಆ ತುಂಡು ಆ ಮನೆಯಲ್ಲಿ ಪಾದ್ರಿಗಳಿಗೆ ಮಾತ್ರ ಮೀಸಲು. ಅವನು ತಟ್ಟೆ ಬದಲಾಗಿದೆಯೆಂದು ಎತ್ತಿ ವಾಪಸು ಕೊಡಲು ಹೋದ.

"ತಿನ್ನು ಮಗನೇ," ಎಂದಳು ಮದರ್. ಹನ್ನೆರಡು ವರ್ಷದಲ್ಲಿ ಮೊದಲ ಸಲ ಮಗನೇ ಎಂದದ್ದು. "ನಿನ್ನನ್ನ ನಾನು ತಪ್ಪು ತಿಳ್ಕೊಂಡಿದ್ದೆ. ಕರ್ತನು ಕರೆಯೋರನ್ನ ನಾವು ಗುರುತಿಸೋದು ಕಷ್ಟ."

ಲಿನ್‌ವುಡ್‌ಗೆ ವಿಷಯ ಅರ್ಥವಾಗಿದ್ದು ಎರಡನೆಯ ತುತ್ತಿನಲ್ಲಿ. ಹೆಂಡತಿ ಒಡೆಸ್ಸಾ ಅಡುಗೆಮನೆಗೆ ಕರೆದು ಹೇಳಿದಳು: "ನಿನಗೆ ಕೇಳಿಸ್ತಿರೋದು ಕ್ಲಿಯೋಫಸ್‌ನ ಪಿಯಾನೋ, ಪರಲೋಕ ಅಲ್ಲ ಅಂತ ನಂಗೆ ಗೊತ್ತು. ಹೋಗಿ ಅಮ್ಮಂಗೆ ಹೇಳು."

"ಹೇಳ್ತೀನಿ. ಗೆಣಸಿನ ಪೈ ಮುಗೀಲಿ."

ಪೈ ಮುಗಿಯಿತು. ಮದರ್ ಎರಡನೆಯ ತುಂಡು ಬಡಿಸಿದಳು. ಅದೂ ಮುಗಿಯಿತು. ಅಷ್ಟರಲ್ಲಿ ಅವಳು ಬಾಲ್ಟಿಮೋರಿಗೆ ಫೋನ್ ಮಾಡಿ, ದೊಡ್ಡ ಅಳಿಯನಿಗೆ ತಮ್ಮ ಮನೆಯಲ್ಲೂ ದೇವರ ಕರೆ ಬಂದವನೊಬ್ಬ ಇದ್ದಾನೆಂದು ತಿಳಿಸಿಯಾಗಿತ್ತು. ಒಡೆಸ್ಸಾ ಮತ್ತೆ ಒತ್ತಾಯ ಮಾಡಲಿಲ್ಲ. ಅವಳ ತಾಯಿ ಅಂದು ಪಾತ್ರೆ ತೊಳೆಯುತ್ತ ಹಾಡುತ್ತಿದ್ದಳಂತೆ. ಆ ಮನೆಯಲ್ಲಿ ಅದೊಂದು ಹೊಸ ಸದ್ದು.

ಮುಂದಿನ ವಾರ ಅವನ ಮನೆಗೆ ಕೇಕುಗಳು ಬರತೊಡಗಿದವು. ರಸ್ತೆಯಲ್ಲಿ ಟೋಪಿ ತೆಗೆಯದವರು ಟೋಪಿ ತೆಗೆದರು. ಮಿಸೆಸ್ ಕೇಟೋ ಪೊರಕೆ ಬಿಟ್ಟು ಗೋಡೆಗೆ ಕಿವಿ ಹಚ್ಚಿ ಕೂತಳು. ನನ್ನ ಅಂಗಡಿಯಲ್ಲಿ ಎರಡು ಕುರ್ಚಿ ಇದ್ದರೂ, ಬ್ರದರ್ ಗ್ಯಾಸ್ಕಿನ್ಸ್‌ಗೆ ದನಿ ಕೇಳಿಸಿದ ಕುರ್ಚಿಯೇ ಬೇಕೆಂದು ಜನ ಸರದಿ ಕಾದರು. ಬೋಳುತಲೆಯವರೂ ಬಂದರು. ನಾನು ಯಾರಿಗೂ ಏನನ್ನೂ ತಿದ್ದಿ ಹೇಳಲಿಲ್ಲ. ಈ ಮಾತನ್ನು ಇಲ್ಲಿ ಒಪ್ಪಿಕೊಳ್ಳದೆ ಮುಂದೆ ಹೋದರೆ ಲಿನ್‌ವುಡ್‌ನೊಬ್ಬನ ಮೇಲೆ ತಪ್ಪು ಹೊರಿಸಿದಂತಾಗುತ್ತದೆ.

ಇತ್ತ ಟ್ರಾಮಿನಲ್ಲಿ ಬೇರೆ ಕಥೆ ಬೆಳೆಯುತ್ತಿತ್ತು. ಲಿನ್‌ವುಡ್ ಪ್ರತಿ ನಿಲ್ದಾಣವನ್ನೂ ಒಂದೊಂದು ಕಾರ್ಡು ಎಂದುಕೊಂಡು ಗುನುಗುತ್ತಿದ್ದ. ಮನಸ್ಸಿನಲ್ಲಿದ್ದ ಪಾಠ ಬಾಯಿಗೂ ಬರುತ್ತಿತ್ತು. ಒಂದು ದಿನ ದಪ್ಪನೆಯ ಹೆಂಗಸೊಬ್ಬಳು ಸಾಮಾನಿನ ಚೀಲ ಹಿಡಿದು ಇಳಿಯುತ್ತಿದ್ದಾಗ ಇವನು ಕಣ್ಣು ಅರೆಮುಚ್ಚಿ, "ಇಳಿ, ಅರ್ಧ ಹೆಜ್ಜೆ ಇಳಿ, ಅಲ್ಲೇ ನಿಲ್ಲು," ಎಂದ. ಆಕೆ ನಂಬಿ ಅರ್ಧ ಹೆಜ್ಜೆ ಇಳಿದಳು. ಅಲ್ಲೇ ನಿಲ್ಲಲೂ ನೋಡಿದಳು. ಆದರೆ ಟ್ರಾಮಿನ ಮೆಟ್ಟಿಲಿಗೆ ಅರ್ಧ ಎಂಬುದಿಲ್ಲ. ಆಲೂಗಡ್ಡೆಗಳು ಬೀದಿ ತುಂಬ ಉರುಳಿದವು. ಆಕೆ ಬರೆದ ದೂರಿನ ಜೊತೆಗೆ ‘ಇವನಿಗೆ ದನಿಗಳು ಕೇಳಿಸುತ್ತವೆಂದು ಊರೆಲ್ಲ ಮಾತು’ ಎಂಬ ಇನ್ನೊಂದು ಕಾಗದವೂ ಕಂಪನಿಗೆ ತಲುಪಿತು. ಲಿನ್‌ವುಡ್‌ನನ್ನು ಕಂಪನಿಯ ಡಾಕ್ಟರ ಬಳಿಗೆ ಕಳಿಸಿದರು.

ಅಲ್ಲಿ ನಡೆದ ಸಂಭಾಷಣೆಯನ್ನು ಲಿನ್‌ವುಡ್ ನನಗೆ ಒಂದಕ್ಷರ ಬಿಡದೆ ಹೇಳಿದ. ಎಲ್ಲಿ ತಪ್ಪಾಯಿತೆಂದು ನಾನು ಕಂಡುಹಿಡಿದು ಹೇಳಲಿ ಎಂಬುದು ಅವನ ಆಸೆ.

"ನಿನಗೆ ದನಿಗಳು ಕೇಳಿಸ್ತಾವಂತೆ," ಎಂದರಂತೆ ಡಾಕ್ಟರು.

"ಹೌದು ಡಾಕ್ಟ್ರೇ. ಮೊದಲು ಕೇಳಿಸ್ತಿರ್ಲಿಲ್ಲ. ಅಭ್ಯಾಸ ಮಾಡಿ ಮಾಡಿ ಕೇಳಿಸೋ ಹಾಗೆ ಮಾಡ್ಕೊಂಡೆ."

"ಎಷ್ಟು ದನಿ?"

"ಸಾಮಾನ್ಯವಾಗಿ ನಾಲ್ಕು."

"ಏನು ಹೇಳ್ತಾವೆ?"

"ಹೇಳೋದೇನಿಲ್ಲ. ಇಳೀತಾವೆ."

"ಹತ್ತೋದಿಲ್ವಾ?"

"ಅಪರೂಪಕ್ಕೆ. ಏಳನೇದಕ್ಕಂತೂ ಇಳಿಯೋದೇ ಸ್ವಭಾವ."

"ಏಳನೇದು ಎಲ್ಲಿಂದ ಬಂತು? ನಾಲ್ಕು ಅಂದ್ಯಲ್ಲ."

"ಆ ನಾಲ್ಕನೇದೇ ಏಳನೇದು, ಡಾಕ್ಟ್ರೇ."

ಡಾಕ್ಟರು ಪೆನ್ನು ಕೆಳಗಿಟ್ಟು ಬಹಳ ಹೊತ್ತು ಅವನನ್ನೇ ನೋಡಿದರು. ಆಗ ಲಿನ್‌ವುಡ್‌ಗೆ ಅನುಮಾನ ಬಂದು, "ಇದೆಲ್ಲ ಸಂಗೀತ, ಡಾಕ್ಟ್ರೇ, ಬರೀ ಸಂಗೀತ," ಎಂದ. ಡಾಕ್ಟರು ಪೆನ್ನು ತೆಗೆದುಕೊಂಡು ಕೊನೆಯ ಸಾಲು ಬರೆದರು: ‘ಸಂಗೀತವೂ ಕೇಳಿಸುತ್ತದೆ.’

ಎರಡು ತಿಂಗಳು ಟ್ರಾಮ್ ಮುಟ್ಟಬಾರದು, ಡಿಪೋದಲ್ಲಿ ಗಾಡಿ ತೊಳೆಯಬೇಕು ಎಂದು ಆಜ್ಞೆಯಾಯಿತು. ಬೇರೆ ಮನೆಯಲ್ಲಾಗಿದ್ದರೆ ಇದು ಅವಮಾನ. ಮದರ್ ಪಿಂಕ್ನಿ ಬುಧವಾರದ ಪ್ರಾರ್ಥನೆಯಲ್ಲಿ ಎದ್ದುನಿಂತು, "ಕರ್ತನು ಕರೆದಾಗ ಪೇತ್ರ ಮೀನಿನ ಬಲೆ ಬಿಟ್ಟ. ನಮ್ಮ ಲಿನ್‌ವುಡ್ ಟ್ರಾಮ್ ಬಿಟ್ಟ," ಎಂದಳು. ಸಭೆ ಸ್ತೋತ್ರ ಹೇಳಿತು.

ಮರುದಿನವೇ ರೆವರೆಂಡ್ ಬ್ಯಾಸ್ಕಂ ಮನೆಗೆ ಬಂದರು. ಕುರ್ಚಿ ತುಂಬುವ ಶರೀರ, ಕೋಣೆ ತುಂಬುವ ದನಿ.

"ಬ್ರದರ್ ಗ್ಯಾಸ್ಕಿನ್ಸ್, ಮೇ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಿನ್ನ ಪರೀಕ್ಷಾ ಪ್ರಸಂಗ, ಸಭೆಗೆ ನಿನ್ನ ಮೊದಲ ಉಪದೇಶ. ಸಭೆ ಒಪ್ಪಿದರೆ ಬೋಧಕನ ಪತ್ರ ಕೊಡ್ತೀವಿ."

"ರೆವರೆಂಡ್, ನಂಗೆ ಕರೆ ಬಂದಿಲ್ಲ."

"ಎಲ್ಲರೂ ಮೊದಲು ಹಾಗೇ ಅಂತಾರೆ. ಪ್ರವಾದಿ ಯೋನನೂ ಅಂದ. ನಾನೂ ಅಂದೆ."

"ನಂದು ನಿಜವಾಗ್ಲೂ ಅಲ್ಲ."

"ಅದೇ ಲಕ್ಷಣ," ಎಂದು ರೆವರೆಂಡ್ ಕೇಕಿಗೆ ಕೈಹಾಕಿದರು.

ಇಷ್ಟಾದರೂ ಲಿನ್‌ವುಡ್ ಮಂಗಳವಾರಗಳನ್ನು ಬಿಡಲಿಲ್ಲ. ಭಾನುವಾರಗಳು ಚರ್ಚಿನ ಪಾಲಾಗಿದ್ದವು. ಸ್ಯಾಕ್ಸೋಫೋನ್ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ತಲೆಮರೆಸಿಕೊಂಡಿತ್ತು. ಮಂಗಳವಾರ ಡಿಪೋದಿಂದ ಸೀದಾ ಬಂದು, ಅದನ್ನು ಎತ್ತಿಕೊಂಡು ಹಾಲಿಗೆ ಹೋಗುತ್ತಿದ್ದ. ಏಪ್ರಿಲ್ ಕೊನೆಯ ಮಂಗಳವಾರ ನಾನೂ ಅಲ್ಲಿದ್ದೆ. ಒಂದು ನಿಧಾನವಾದ ಹಾಡು. ಲಿನ್‌ವುಡ್ ಒಂದು ಸ್ವರ ಹಿಡಿದ. ಕೆಳಗೆ ಕಾರ್ಡು ಬದಲಾಯಿತು. ಅವನು ಜಾಗ ಬಿಡಲಿಲ್ಲ, ಅದೇ ಸ್ವರಕ್ಕೆ ಬೇರೆ ಅರ್ಥ ಬಂತು. ಇನ್ನೊಮ್ಮೆ ಬದಲಾಯಿತು, ಈ ಸಲ ಅರ್ಧ ಹೆಜ್ಜೆ ಇಳಿದ. ಹೀಗೇ ಎಂಟು ಸಾಲು ಹೋದ. ಎಲ್ಲೂ ಓಡಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಪರಿಚಯದ ಮನುಷ್ಯ ಪಕ್ಕದಲ್ಲಿ ಕೂತು ಮೆಲ್ಲನೆ ಮಾತಾಡಿದ ಹಾಗಿತ್ತು. ನಾನು ಡ್ರಮ್ಮಿನ ಕಡ್ಡಿಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತೆ.

ಕ್ಲಿಯೋಫಸ್ ಕೈಗಳನ್ನು ಕಂಕುಳಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತ ಹೇಳಿದ: "ಮುಂದಿನ ಭಾನುವಾರ ನಂದು ಕೊನೇದು. ಡೆಟ್ರಾಯಿಟ್‌ಗೆ ಹೋಗ್ತಿದೀನಿ, ತಂಗಿ ಮನೆಗೆ. ಈ ಕೈ ಇನ್ನೊಂದು ಚಳಿಗಾಲ ತಡೆಯಲ್ಲ. ನಾಲ್ಕು ಗಂಟೆಗೆ ಶುರು ಮಾಡೋಣ. ಆರಕ್ಕೆ ನಂಗೆ ರೈಲು. ಈಗ ನುಡಿಸಿದ್ಯಲ್ಲ, ಇದನ್ನ ಒಂದು ಸಲ ಜನರ ಮುಂದೆ ನುಡಿಸು. ನಾನು ಕೇಳ್ಕೊಂಡು ಹೋಗ್ತೀನಿ."

"ಬರ್ತೀನಿ," ಎಂದ ಲಿನ್‌ವುಡ್. ಯಾವ ಭಾನುವಾರವೆಂದು ಹೊಳೆದದ್ದು ಬೀದಿಗೆ ಬಂದ ಮೇಲೆ.

"ಈಗಲಾದ್ರೂ ಪಾದ್ರಿಗಳಿಗೆ ಹೋಗಿ ಹೇಳು," ಎಂದೆ.

"ಮದರ್ ಹೊಸ ಹ್ಯಾಟು ತಗೊಂಡಿದಾರೆ ವೆಂಡೆಲ್. ಬಾಲ್ಟಿಮೋರಿನೋರು ಬರ್ತಿದಾರೆ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದ: "ಲೆಕ್ಕ ಹಾಕಿದೀನಿ. ಮೂರಕ್ಕೆ ಶುರು. ಪ್ರಾರ್ಥನೆ, ಹಾಡು ಅಂತ ಅರ್ಧ ಗಂಟೆ. ನಂಗೆ ಹೇಳೋಕೇನೂ ಇಲ್ಲ, ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತೆ. ಸಭೆ ನನ್ನನ್ನ ತಿರಸ್ಕರಿಸುತ್ತೆ. ನಾಲ್ಕಕ್ಕೆ ಹಾಲಲ್ಲಿರ್ತೀನಿ. ಯಾರ ಮನಸ್ಸೂ ನೋಯಲ್ಲ."

ಇದಕ್ಕಿಂತ ಅಚ್ಚುಕಟ್ಟಾದ ಯೋಜನೆಯನ್ನು ನಾನೂ ಕೇಳಿರಲಿಲ್ಲ. ಸ್ಯಾಕ್ಸೋಫೋನನ್ನು ನಾನೇ ಹಾಲಿಗೆ ಒಯ್ದು, ಪಿಯಾನೋದ ಪಕ್ಕದ ಕುರ್ಚಿಯ ಮೇಲಿಟ್ಟೆ.

ಚರ್ಚಿನಲ್ಲಿ ಮೊದಲು ನಡೆದದ್ದನ್ನು ಒಡೆಸ್ಸಾ ಹೇಳಿದಳು. ಲಿನ್‌ವುಡ್ ಕರಿ ಸೂಟು ಹಾಕಿ ಪ್ರಸಂಗಪೀಠ ಹತ್ತಿದ. ಮುಂದಿನ ಸಾಲಿನಲ್ಲಿ ಮದರ್, ಅವಳ ಹೊಸ ಹ್ಯಾಟು, ಅದರ ಹಿಂದೆ ಏನೂ ಕಾಣದೆ ಕೂತಿದ್ದ ಬಾಲ್ಟಿಮೋರಿನ ಅಳಿಯ. ಆ ಜನವನ್ನು ನೋಡಿದ ಮೇಲೆ ಲಿನ್‌ವುಡ್‌ಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ನಿಜ ಹೇಳಿಬಿಡಲು ನಿಶ್ಚಯಿಸಿದ. ಇಷ್ಟು ವಾರ ಮದರ್ ಒಬ್ಬಳೆದುರು ಹೇಳಲಾಗದ್ದನ್ನು ಮುನ್ನೂರು ಜನರೆದುರು ಹೇಳಲು ಹೊರಟ.

"ನಂಗೆ ದನಿ ಕೇಳಿಸಿತು ಅಂತ ನೀವೆಲ್ಲ ಅಂದ್ಕೊಂಡಿದೀರಿ," ಎಂದ.

"ಹೇಳು ಬ್ರದರ್," ಎಂದಿತು ಸಭೆ.

"ಅದು ಪರಲೋಕದಿಂದ ಬಂದಿದ್ದಲ್ಲ."

"ಅಲ್ಲವೇ ಅಲ್ಲ," ಎಂದಿತು ಸಭೆ, ಮುಂದಿನ ಮಾತಿಗೆ ಕಾಯುತ್ತ.

"ಬೆರಳು ಬಾತುಕೊಂಡಿರೋ ಒಬ್ಬ ಮುದುಕ, ಮೂರು ಕೀ ಕೆಟ್ಟುಹೋಗಿರೋ ಪಿಯಾನೋ, ಅಲ್ಲಿಂದ ಬಂದಿದ್ದು."

ಸಭೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿಂದಿನ ಸಾಲಿನ ಅಜ್ಜನೊಬ್ಬ ನಿಟ್ಟುಸಿರು ಬಿಟ್ಟು, "ಆಮೆನ್. ದನದ ಗೋದಲಿಯಲ್ಲಿ ಹುಟ್ಟಿದ ಕರ್ತನು ಅಲ್ಲಿಂದಲೂ ಮಾತಾಡ್ತಾನೆ," ಎಂದ. ಆರ್ಗನ್ ನುಡಿಸುವ ಸಿಸ್ಟರ್ ಕೆಳಗಿನಿಂದ ಮೆಲ್ಲನೆ ಒಂದು ಕಾರ್ಡು ಹಿಡಿದಳು, ಪ್ರಸಂಗ ಕಾವೇರುವಾಗ ಅವಳು ಯಾವಾಗಲೂ ಹಿಡಿಯುವ ಹಾಗೆ. ಆ ಕಾರ್ಡು ಇನ್ನೊಂದಕ್ಕೆ ಸರಿಯಿತು. ಲಿನ್‌ವುಡ್ ತಲೆ ಎತ್ತಿದ. ಏಳನೆಯದು ಇಳಿದದ್ದು ಅವನಿಗೆ ಕೇಳಿಸಿತ್ತು. ಅಲ್ಲಿಗೆ ಅವನ ಕಥೆ ಮುಗಿಯಿತು, ಬಾಯಿ ಆ ದನಿಯ ಹಿಂದೆಯೇ ನಡೆಯಿತು.

ಹಾಲಿನಲ್ಲಿ ನಾವು ನಾಲ್ಕಕ್ಕೆ ಶುರು ಮಾಡಿದೆವು. ಜನ ತುಂಬಿದ್ದರು. ನಾಲ್ಕೂವರೆಗೆ ವಿರಾಮ. ಕ್ಲಿಯೋಫಸ್ ಕುರ್ಚಿಯ ಮೇಲಿನ ಸ್ಯಾಕ್ಸೋಫೋನನ್ನು ನೋಡಿ, "ಹೋಗಿ ನೋಡ್ಕೊಂಡು ಬಾ ವೆಂಡೆಲ್. ಏನಾಗಿದೆಯೋ, ಎಳ್ಕೊಂಡು ಬಾ," ಎಂದ.

ಚರ್ಚು ಎರಡೇ ಬೀದಿ ಆಚೆ. ಬಾಗಿಲು ತಳ್ಳಿದೆ. ಲಿನ್‌ವುಡ್ ಕೋಟು ಬಿಚ್ಚಿದ್ದ. ಆದರೆ ಬೆವರಿರಲಿಲ್ಲ, ಕೂಗುತ್ತಲೂ ಇರಲಿಲ್ಲ.

"ನಾನು ಜೀವಮಾನವೆಲ್ಲ ಬುಡದಿಂದ ತುದಿಗೆ ಓಡಿದೆ, ಸಭೆಯೇ. ಯಾರನ್ನೂ ಮುಟ್ಟಲಿಲ್ಲ."

"ಓಡಿದೆವು," ಎಂದಿತು ಸಭೆ.

"ಎಲ್ಲ ಬದಲಾಗುವಾಗ ಒಬ್ಬ ಕೂತಲ್ಲೇ ಕೂತಿರ್ತಾನೆ. ಅವನು ಬೇಕು. ಅವನಿಲ್ಲದಿದ್ರೆ ಹಳೇ ಮನೆ ನೆನಪಿರೋರು ಯಾರು? ಇನ್ನೊಬ್ಬ ಸರಿದು ಜಾಗ ಕೊಡ್ತಾನೆ. ಎಷ್ಟು ಸರೀಬೇಕು?"

"ಅರ್ಧ ಹೆಜ್ಜೆ," ಎಂದರು ಮುನ್ನೂರು ಜನ.

"ಅತ್ತೆಗೂ ಅಳಿಯನಿಗೂ ಮಧ್ಯೆ ಎಷ್ಟು?"

"ಅರ್ಧ ಹೆಜ್ಜೆ."

ಮದರ್ ಪಿಂಕ್ನಿಯ ಹ್ಯಾಟು ನಡುಗುತ್ತಿತ್ತು. ಅವಳು ಅಳುತ್ತಿದ್ದಳು. ರೆವರೆಂಡ್ ಬ್ಯಾಸ್ಕಂ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಲಿನ್‌ವುಡ್‌ನ ಕಣ್ಣು ನನ್ನ ಮೇಲೆ ಬಿತ್ತು. ನಾನು ಕೈ ಎತ್ತಿ ಕರೆಯಬೇಕಿತ್ತು. ಒಂದು ಬೆರಳಾಡಿಸಿದ್ದರೆ ಸಾಕಿತ್ತು, ಅವನು ಪೀಠದಿಂದ ಹಾರಿ ಬರುತ್ತಿದ್ದ ಎಂದು ನನಗೆ ಗೊತ್ತು. ನಾನು ಮಾಡಿದ್ದೇನೆಂದರೆ, ಕೊನೆಯ ಬೆಂಚಿನಲ್ಲಿ ಕೂತೆ. ಐದು ನಿಮಿಷ ಎಂದುಕೊಂಡೆ. ಗಡಿಯಾರ ನೋಡಿದಾಗ ಐದಾಗಲು ಐದು ನಿಮಿಷವಿತ್ತು, ಮತ್ತು ನನ್ನ ಬಾಯಿಂದಲೂ ‘ಅರ್ಧ ಹೆಜ್ಜೆ’ ಬರುತ್ತಿತ್ತು. ಆಗ ಎದ್ದು ಒಬ್ಬನೇ ಹಾಲಿಗೆ ಓಡಿದೆ.

ಕ್ಲಿಯೋಫಸ್ ಪಿಯಾನೋದ ಮುಂದೆಯೇ ಕೂತಿದ್ದ.

"ಪ್ರಸಂಗ ಮಾಡ್ತಿದಾನೆ," ಎಂದೆ. "ನೀನು ಹೇಳ್ಕೊಟ್ಟಿದ್ದನ್ನೇ ಹೇಳ್ತಿದಾನೆ. ಜನ ಅಳ್ತಿದಾರೆ. ನಂಗೆ ಕರೆಯೋಕಾಗ್ಲಿಲ್ಲ."

ಅವನು ಬೆರಳಿನ ಗಂಟುಗಳನ್ನು ಉಜ್ಜಿಕೊಂಡ. ಆಮೇಲೆ ಕೇಳಿದ: "ಓಡ್ತಿದಾನಾ?"

"ಇಲ್ಲ. ನಿಧಾನಕ್ಕೆ ಹೋಗ್ತಿದಾನೆ."

"ಹಾಗಾದ್ರೆ ಸರಿ," ಎಂದು ಆ ನಿಧಾನದ ಹಾಡನ್ನು ಎತ್ತಿಕೊಂಡ.

ಸ್ಯಾಕ್ಸೋಫೋನಿನ ಸರದಿ ಬಂದಾಗ ಅವನು ತಾನೇ ನುಡಿಸಿ ತುಂಬಬಹುದಿತ್ತು. ತುಂಬಲಿಲ್ಲ. ಮೂವತ್ತೆರಡು ಸಾಲುಗಳ ಉದ್ದಕ್ಕೂ ಕೆಳಗಿನ ಕಾರ್ಡುಗಳನ್ನಷ್ಟೇ ಹಿಡಿದುಕೊಂಡು ಹೋದ, ಒಂದರಿಂದ ಇನ್ನೊಂದಕ್ಕೆ, ಮೆಲ್ಲಗೆ, ಮೇಲೆ ಜಾಗ ಬಿಟ್ಟು. ಕೆಲವರಿಗೆ ಅವನು ರಾಗ ಮರೆತನೆಂದು ಅನ್ನಿಸಿತು. ಒಂದಿಬ್ಬರು ಕನಿಕರದಿಂದ ಚಪ್ಪಾಳೆ ತಟ್ಟಿದರು. ಅವನು ಎದ್ದು ನನಗೆ ಕೋಟು ಒಡ್ಡಿದ. ನಾನು ಗುಂಡಿ ಹಾಕಿದೆ. ಅವನು ಸ್ಟೇಷನ್ನಿಗೆ ಹೋದ.

ಲಿನ್‌ವುಡ್ ಓಡಿ ಬಂದಾಗ ಆರಾಗಲು ಹತ್ತು ನಿಮಿಷವಿತ್ತು. ಹಾಲ್‌ನ ನೆಲ ಗುಡಿಸುತ್ತಿದ್ದರು. ಅವನ ಕೈಯಲ್ಲಿ ಯಾರೋ ಕೊಟ್ಟ ಹೂಗುಚ್ಛವಿತ್ತು. ಅವನು ಪಿಯಾನೋದ ಮುಚ್ಚಳ ತೆರೆದು ನೋಡಿದ, ಒಳಗೆ ಯಾರಾದರೂ ಇರಬಹುದೆಂಬ ಹಾಗೆ. ಮುಚ್ಚಿದ.

ಮಂಗಳವಾರ ಅವನು ರೆವರೆಂಡರ ಮನೆಗೆ ಹೋಗಿ, ಸಭೆ ಅವತ್ತೇ ಕೊಟ್ಟಿದ್ದ ಬೋಧಕನ ಪತ್ರ ವಾಪಸು ಕೊಟ್ಟು, ಎಲ್ಲ ಹೇಳಿದ. ಕಡೆಗೂ ಅವನ ಬಾಯಲ್ಲಿ ‘ಇಲ್ಲ’ ಬಂತು. ರೆವರೆಂಡ್ ಪತ್ರವನ್ನು ಮಡಿಸಿ ಮೇಜಿನ ಮೇಲಿಟ್ಟು, "ಬ್ರದರ್, ಹದಿನೆಂಟು ವರ್ಷದಲ್ಲಿ ನನ್ನ ಸಭೆ ಅಷ್ಟು ಗಮನ ಕೊಟ್ಟು ಕೇಳಿದ್ದು ಅವತ್ತೊಂದೇ ದಿನ. ನಿನ್ನ ವಿಷಯ ನಂಗೆ ಮೊದಲೇ ಅನುಮಾನ ಬಂದಿತ್ತು, ಹೇಳ್ಲಿಲ್ಲ," ಎಂದರು. ಮದರ್ ಪಿಂಕ್ನಿ ಒಂದು ವರ್ಷ ಅವನ ಜೊತೆ ಮಾತು ಬಿಟ್ಟಳು. ಅದರ ಕಾರಣ ಅವಳು ಒಡೆಸ್ಸಾಗೆ ಮಾತ್ರ ಹೇಳಿದಳು: ಸುಳ್ಳು ಹೇಳಿದನೆಂದಲ್ಲ, ಅಷ್ಟು ಚೆನ್ನಾಗಿ ಹೇಳಿ ನಿಲ್ಲಿಸಿಬಿಟ್ಟನೆಂದು. ಕಂಪನಿ ಅವನಿಗೆ ಟ್ರಾಮ್ ವಾಪಸು ಕೊಟ್ಟಿತು. ಭಾನುವಾರ ಹಾಲಿನಲ್ಲಿ ನುಡಿಸಿದ, ಚೆನ್ನಾಗಿಯೇ ನುಡಿಸಿದ. ಹೊಸ ಪಿಯಾನೋದ ಹುಡುಗಿ ಒಳ್ಳೆಯವಳು, ಆದರೆ ಅವಳಿಗೆ ಅವಸರ.

ಡೆಟ್ರಾಯಿಟ್‌ಗೆ ಅವನು ಮೂರು ಕಾಗದ ಬರೆದ. ಕ್ಲಿಯೋಫಸ್‌ನ ತಂಗಿ ಒಂದಕ್ಕೆ ಉತ್ತರ ಬರೆದಳು: ಅಣ್ಣನ ಕೈ ಆಡುವುದಿಲ್ಲ, ನಿಮ್ಮ ಕಾಗದ ಓದಿ ಹೇಳಿದೆ, ಕೇಳಿಸಿಕೊಂಡ. ಲಿನ್‌ವುಡ್ ಬೇಸಿಗೆಯಲ್ಲಿ ಹೋಗುವುದೆಂದಿದ್ದ, ರಜೆ ಸಿಗಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಅವಳದೇ ಇನ್ನೊಂದು ಕಾಗದ ಬಂತು, ಸಣ್ಣದು.

ಅಂದು ನಾವಿಬ್ಬರೂ ಹೂವಿನ ಅಂಗಡಿಗೆ ಹೋದೆವು, ಡೆಟ್ರಾಯಿಟ್‌ಗೆ ಕ್ಲಿಯೋಫಸ್‌ನ ಸಮಾಧಿಗೆ ಒಂದು ಹೂಚಕ್ರ ಕಳಿಸಲು. ಅಂಗಡಿಯವಳು ಒಳಗೆ ಚೀಟಿ ತರಲು ಹೋಗಿದ್ದಳು. ಲಿನ್‌ವುಡ್ ಬಕೆಟ್ಟಿನಲ್ಲಿದ್ದ ಬಿಳಿ ಹೂಗಳನ್ನು ನೋಡುತ್ತ ಕೇಳಿದ:

"ಅವತ್ತು ನೀನು ಚರ್ಚಿಗೆ ಬಂದಿದ್ಯಲ್ಲ ವೆಂಡೆಲ್. ಅವನೇ ಕಳಿಸಿದ್ನಾ?"

"ಇಲ್ಲ," ಎಂದೆ. "ನಾನಾಗೇ ಬಂದಿದ್ದೆ. ನಿನ್ನ ಪ್ರಸಂಗ ಕೇಳೋಣ ಅಂತ."

ಅವನು ತಲೆಯಾಡಿಸಿದ. "ಅಷ್ಟು ಸಾಕು ನಂಗೆ. ಅವನು ಕರೆದು ನಾನು ಹೋಗಿಲ್ಲ ಅಂತಾಗಿದ್ರೆ ತಡ್ಕೊಳ್ಳೋಕಾಗ್ತಿರ್ಲಿಲ್ಲ."

ಹೂವಿನವಳು ಚೀಟಿ ಹಿಡಿದು ಬಂದಳು. ಯಾರ್ಯಾರ ಹೆಸರು ಎಂದು ಕೇಳಿದಳು. ಅವನು ತನ್ನದು ಬರೆಸಿ ನನ್ನ ಕಡೆ ನೋಡಿದ. ನಾನು ಬಕೆಟ್ಟಿನ ಹೂಗಳ ಕಡೆ ತಿರುಗಿದೆ. ಆಗ ಅವನೇ ನನ್ನ ಹೆಸರನ್ನು ಅವಳಿಗೆ ಹೇಳಿದ, ತಪ್ಪಾಗದಿರಲೆಂದು ಒಂದೊಂದೇ ಅಕ್ಷರವಾಗಿ.